ಕಾವಲುಗಲ್ಲಿನ ಮೇಲೆ ಮಿಣುಕಿ

ಮೊಳಕಾಲ್ಮೂರು
12 ಜೂನ್ 1999

ಪ್ರೀತಿಯ ಸಾನಿಯಾ,

ನಾನು ಚೆನ್ನಾಗಿದ್ದೇನೆ. ನೀನು ಬದುಕಿದ್ದೀಯೋ ಇಲ್ಲವೋ ಗೊತ್ತಿಲ್ಲ. ಬದುಕಿದ್ದರೆ ಈ ಪಾರ್ಸೆಲ್ ಬಿಚ್ಚು. ಒಳಗೆ ನಮ್ಮ ‘ನೀಲಗಲ್ಲು ನಾಡು’ ಕಾದಂಬರಿಯ ಎರಡನೇ ಭಾಗದ ಎರಡು ಪ್ರತಿಗಳಿವೆ. ಒಂದು ನಿನಗೆ, ಒಂದು ನಿಮ್ಮ ಅಮ್ಮಿಗೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ನಿಜ. ಆದರೆ ಮೊದಲ ಭಾಗವನ್ನು ಗಾಜಿನ ಕಪಾಟಿನಲ್ಲಿ ಪಿಂಗಾಣಿ ಬಟ್ಟಲುಗಳ ಪಕ್ಕ ನಿಲ್ಲಿಸಿದ್ದಾರಲ್ಲ, ಅದಕ್ಕೊಂದು ಜೊತೆಯಾಗಲಿ.

ದಾವಣಗೆರೆಯ ಮುರುಗೇಂದ್ರಪ್ಪನವರು ಅಚ್ಚುಕಟ್ಟಾಗಿ ಮುದ್ರಿಸಿದ್ದಾರೆ. ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಿಂದ ಇದಕ್ಕಿಂತ ಹೆಚ್ಚು ಬಯಸಿದರೆ ನಮಗೇ ಪಾಪ. ಹೋದ ಸಲ ಮುಖಪುಟದಲ್ಲಿ ನಿನ್ನ ಹೆಸರು ನನ್ನದಕ್ಕಿಂತ ಚಿಕ್ಕದಾಗಿದೆಯೆಂದು ನೀನು ಮುಖ ಊದಿಸಿಕೊಂಡಿದ್ದೆ. ಈ ಸಲ ನಾನೇ ಪ್ರೆಸ್ಸಿಗೆ ಹೋಗಿ ನಿಂತು, ಎರಡೂ ಒಂದೇ ಗಾತ್ರದಲ್ಲಿವೆ ಎಂದು ನೋಡಿಯೇ ಬಂದೆ.

ಒಳಗಿನ ವಿಷಯ ಹೇಳುತ್ತೇನೆ, ಬೈಯಬೇಡ. ನಿನ್ನ ಅಧ್ಯಾಯಗಳಿಗೆ ಕಾದೆ. ನೀನು ಯುಗಾದಿಗೆ ಕಳಿಸುತ್ತೇನೆ ಅಂದೆ. ಆಮೇಲೆ, ‘ಕೈ ಓಡುತ್ತಿಲ್ಲ ವನಜಾ, ನೀನು ಮುಂದುವರಿಸುತ್ತಿರು, ಬಂದು ಸೇರಿಕೊಳ್ಳುತ್ತೇನೆ’ ಎಂದು ಒಂದು ಕಾರ್ಡು ಬಂತು. ಅಷ್ಟೇ. ಶಾಲೆ ಶುರುವಾಗುವುದರೊಳಗೆ ಪುಸ್ತಕ ಬೇಕೆಂದು ಮುರುಗೇಂದ್ರಪ್ಪನವರು ಪಟ್ಟು ಹಿಡಿದರು. ಹೀಗಾಗಿ ನನ್ನ ಹೊನ್ನೆಯ ಅಧ್ಯಾಯಗಳಿಂದಲೇ ಇಡೀ ಭಾಗ ತುಂಬಿಸಿದೆ.

ಹೆದರಬೇಡ, ನಿನ್ನ ಮಿಣುಕಿಯನ್ನು ನಾನು ಮುಟ್ಟಿಲ್ಲ. ಟ್ರೈನಿಂಗ್ ಕಾಲೇಜಿನಿಂದ ಬ್ರಹ್ಮಗಿರಿಗೆ ಪ್ರವಾಸ ಹೋದಾಗ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಾ ಮಾಡಿಕೊಂಡ ಕರಾರು ನನಗೆ ಬಾಯಿಪಾಠ. ಹೊನ್ನೆ ನನ್ನವಳು, ಮಿಣುಕಿ ನಿನ್ನವಳು. ಒಬ್ಬರ ಹುಡುಗಿಯನ್ನು ಇನ್ನೊಬ್ಬರು ಕೇಳದೆ ಎಬ್ಬಿಸಬಾರದು, ನಡೆಸಬಾರದು, ಸಾಯಿಸಬಾರದು. ‘ಅಶೋಕನ ಶಾಸನಕ್ಕಿಂತ ಇದು ಗಟ್ಟಿ’ ಎಂದು ನೀನೇ ಅಲ್ಲಿನ ಕಲ್ಲಿನ ಕಡೆ ಕೈ ತೋರಿಸಿದ್ದೆ.

ಮೊದಲ ಭಾಗದ ಕೊನೆಯಲ್ಲಿ ನೀನು ಮಿಣುಕಿಯನ್ನು ಕಾವಲುಗಲ್ಲಿನ ಮೇಲೆ ಕೂರಿಸಿ, ಅವಳ ಕಣ್ಣು ಮುಚ್ಚಿಸಿ, ‘ಆಗ ಅವಳಿಗೆ ಎಲ್ಲವೂ ಕಂಡಿತು’ ಎಂದು ನಿಲ್ಲಿಸಿದ್ದೆ. ಏನು ಕಂಡಿತು ಎನ್ನುವುದು ನಿನಗೊಬ್ಬಳಿಗೇ ಗೊತ್ತು. ಅದಕ್ಕೇ ಎರಡನೇ ಭಾಗದುದ್ದಕ್ಕೂ ಅವಳು ಹಾಗೇ ಕೂತಿದ್ದಾಳೆ. ಹೊನ್ನೆ ದಿನಾ ಬೆಳಿಗ್ಗೆ ಎರಡು ಸಜ್ಜೆ ರೊಟ್ಟಿ ಕಟ್ಟಿಕೊಂಡು ಕಲ್ಲು ಹತ್ತುತ್ತಾಳೆ. ಒಂದನ್ನು ತಾನು ತಿಂದು, ಇನ್ನೊಂದನ್ನು ಮಿಣುಕಿಯ ಮಡಿಲಲ್ಲಿಟ್ಟು ಬರುತ್ತಾಳೆ. ಸಂಜೆ ಹೋಗಿ ಆ ತಣ್ಣನೆಯ ರೊಟ್ಟಿಯನ್ನು ಹಕ್ಕಿಗೆ ಹಾಕುತ್ತಾಳೆ. ಮಿಣುಕಿ ತನ್ನ ಒಂದು ಕಾಲಿನ ಗೆಜ್ಜೆ ಬಿಚ್ಚಿ ಅವಳಿಗೆ ಕೊಟ್ಟಿದ್ದಳಲ್ಲ, ಅದನ್ನು ಇನ್ನೂ ಸೊಂಟಕ್ಕೆ ಕಟ್ಟಿಕೊಂಡೇ ಇದ್ದಾಳೆ.

ನಮ್ಮ ಎಂಟನೇ ಕ್ಲಾಸಿನ ಪಾತಮ್ಮ, ಗೌರಸಮುದ್ರದವಳು, ಪುಸ್ತಕ ಓದಿ ಮುಗಿಸಿ ಬಂದು, “ಟೀಚರ್, ಎಲ್ರೂ ಕಾಯ್ಕೊಂಡೇ ಕುಂತವ್ರಲ್ರೀ, ಯುದ್ಧ ಯಾವಾಗ್ರೀ?” ಅಂದಳು. ಮೂರನೇ ಭಾಗದಲ್ಲಿ ಸಾನಿಯಾ ಮಿಸ್ ತರುತ್ತಾರೆ ತಡಿ ಎಂದೆ. ಮರ್ಯಾದೆ ಉಳಿಸು.

ನಿನ್ನ
ವನಜಾ


ಚಳ್ಳಕೆರೆ
3 ಜುಲೈ 1999

ವನಜಾ,

ಪುಸ್ತಕ ಬಂತು. ಅಮ್ಮಿ ಕಪಾಟಿನಲ್ಲಿ ಇಟ್ಟಾಯಿತು. ನಾನು ಓದಿದೆ, ಎರಡು ಸಲ ನಿದ್ದೆ ಹೋದೆ. ನಿಜ ಹೇಳದಿದ್ದರೆ ನಿನ್ನ ಗೆಳತಿಯೇ ಅಲ್ಲ.

ಏನೇ ಇದು? ನೂರೈವತ್ತು ಪುಟ ನನ್ನ ಹುಡುಗಿ ಕಲ್ಲಿನ ಮೇಲೆ ಕೂತಿದ್ದಾಳೆ! ಶತ್ರುಸೈನ್ಯ ಕಣಿವೆಯ ಬಾಯಲ್ಲಿ ಬಂದು ನಿಂತಿದೆ, ಅವರೂ ಸುಮ್ಮನೆ ನಿಂತಿದ್ದಾರೆ. ಅವರ ಕುದುರೆಗಳಿಗೂ ಬೇಜಾರು ಹಿಡಿದಿರಬೇಕು. ಮಳೆ ಬಂತು, ಹೋಯಿತು. ರೊಟ್ಟಿ ಬಂತು, ಹೋಯಿತು. ಮೊದಲ ಭಾಗದಲ್ಲಿ ಓಡಿದ ಕಥೆಗೆ ಇಲ್ಲಿ ಕಾಲು ಜೋಮು ಹಿಡಿದಿದೆ. ಮಕ್ಕಳು ಇದನ್ನು ಓದಬೇಕಾ? ಗ್ಯಾರೇಜಿನಲ್ಲಿ ನಮ್ಮ ಅಬ್ಬಾ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಬಿಟ್ಟ ಲಾರಿ ಇದ್ದ ಹಾಗಿದೆ, ಎಂಜಿನ್ ಸದ್ದು ಮಾಡುತ್ತದೆ, ಗಾಲಿ ತಿರುಗುವುದಿಲ್ಲ.

ನೀನು ಅವಳನ್ನು ಎಬ್ಬಿಸಬಹುದಿತ್ತು. ಕಾಲೇಜು ದಿನಗಳ ಕರಾರನ್ನು ಯಾರಾದರೂ ಹೀಗೆ ಗಂಟು ಹಾಕಿಕೊಂಡು ಕೂರುತ್ತಾರಾ?

ನನಗೆ ಇಲ್ಲಿ ಪುರುಸೊತ್ತೇ ಇಲ್ಲ. ಶಾಲೆ, ಸಂಜೆ ಟ್ಯೂಷನ್, ಮೇಲೆ ಅಮ್ಮಿಯ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಅಂತಿದ್ದಾರೆ. ಮೂರನೆಯದಕ್ಕೆ ನೋಡೋಣ.

ಸಾನಿಯಾ


ಮೊಳಕಾಲ್ಮೂರು
20 ಜುಲೈ 1999

ಪ್ರೀತಿಯ ಸಾನಿಯಾ,

ಅಮ್ಮಿಯ ಕಣ್ಣಿನ ವಿಷಯ ಓದಿ ನನ್ನ ಸಿಟ್ಟೆಲ್ಲ ಇಳಿಯಿತು. ಇಲ್ಲದಿದ್ದರೆ ನಿನ್ನ ಪತ್ರಕ್ಕೆ ಸರಿಯಾಗಿ ಉಗಿಯುತ್ತಿದ್ದೆ. ಈಗ ಸ್ವಲ್ಪವೇ ಉಗಿಯುತ್ತೇನೆ.

ಪುಸ್ತಕ ನಿಧಾನ ಎಂದು ನೀನು ಹೇಳಬೇಕಿಲ್ಲ. ಮುರುಗೇಂದ್ರಪ್ಪನವರು ಹೇಳಿದರು. ನಮ್ಮ ಹೆಡ್ ಮಾಸ್ಟರು ಬೊಮ್ಮಲಿಂಗಪ್ಪನವರು, “ಏನಮ್ಮಾ, ರೊಟ್ಟಿ ಮಾಡೋದು ಕಲಿಸ್ತೀಯೋ, ಕಥೆ ಹೇಳ್ತೀಯೋ?” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ನಕ್ಕರು. ಮಕ್ಕಳು ಆಟದ ಬಯಲಿನಲ್ಲಿ ಒಬ್ಬಳನ್ನು ಕಣ್ಣು ಮುಚ್ಚಿ ಕೂರಿಸಿ, ಸುತ್ತ ನಿಂತು ಆಕಳಿಸುವ ಆಟ ಕಟ್ಟಿದ್ದಾರೆ. ನಾನು ಕಿಟಕಿಯಿಂದ ನೋಡಿದೆ.

ಆದರೆ ಎಬ್ಬಿಸಬಹುದಿತ್ತು ಎಂದು ನೀನು ಹೇಗೆ ಬರೆದೆ? ನಮ್ಮ ಮನೆ ನೋಡಿದ್ದೀಯ. ಅಗಲ ಅಂಚಿನ ಸೀರೆಯನ್ನು ಒಬ್ಬರೇ ನೇಯುವುದಿಲ್ಲ. ಅಣ್ಣ ಮಗ್ಗದಲ್ಲಿ ಕೂತು ಒಡಲು ನೇಯುತ್ತಾನೆ, ಅವ್ವ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಹಾಕುತ್ತಾಳೆ. ಅವ್ವನಿಗೆ ಜ್ವರ ಬಂದರೆ ಅಣ್ಣ ಕೈ ಕಟ್ಟಿ ಕೂರುತ್ತಾನೆಯೇ ಹೊರತು ಅವಳ ಲಾಳಿ ಮುಟ್ಟುವುದಿಲ್ಲ. ನಾನು ಅದನ್ನು ನೋಡಿಕೊಂಡೇ ಬೆಳೆದವಳು. ನಿನ್ನ ಲಾಳಿ ಹಾಗೇ ಇಟ್ಟು ಕಾದೆ.

ಅವ್ವನಿಗೆ ಇದನ್ನೇ ಹೇಳಿದೆ. ಮೆಚ್ಚುತ್ತಾಳೆ ಅಂದುಕೊಂಡಿದ್ದೆ. ಅವಳು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ, “ಅಂಚು ಹಾಕೋಳು ಬರ್ಲಿಲ್ಲಾಂದ್ರೆ ನಿಮ್ಮಣ್ಣ ಮಗ್ಗ ನಿಲ್ಲಿಸ್ತಾನೆ ಕಣೇ. ನೀನು ಅಂಚಿಲ್ದಂಗೇ ಸೀರೆ ಮುಗ್ಸಿ ಅಂಗಡಿಗೆ ಕೊಟ್ಟು ಬಂದಿದೀಯ. ಯಾರುಡ್ತಾರೆ ಅದ್ನ?” ಅಂದಳು.

ಇರಲಿ. ಮೂರನೇ ಭಾಗ ಚೆನ್ನಾಗಿ ಬಂದರೆ ಎರಡನೆಯದರ ನಿಧಾನವೂ ಅರ್ಥವಾಗುತ್ತದೆ. ಇಷ್ಟು ದಿನ ಕಾದಿದ್ದು ಇದಕ್ಕಾ ಎಂದು ಮಕ್ಕಳು ಎದ್ದು ಕೂರಬೇಕು. ಮೂರನೆಯದೂ ಹೀಗೇ ಆದರೆ ಇನ್ನು ಅಚ್ಚು ಹಾಕುವುದಿಲ್ಲ ಎಂದು ಮುರುಗೇಂದ್ರಪ್ಪನವರು ಸ್ಪಷ್ಟವಾಗಿ ಹೇಳಿದ್ದಾರೆ. ಈ ನಾಡು ಉಳಿಯುವುದೂ ಮುಳುಗುವುದೂ ನಿನ್ನ ಒಂದು ಮಾತಿನ ಮೇಲಿದೆ. ಕಣ್ಣು ಮುಚ್ಚಿದಾಗ ಮಿಣುಕಿಗೆ ಏನು ಕಂಡಿತು? ಅಧ್ಯಾಯ ಬೇಡ, ಒಂದು ಸಾಲು ಬರೆ ಸಾಕು. ಅಥವಾ ನಾನೇ ಒಂದು ಭಾನುವಾರ ಬರುತ್ತೇನೆ. ಅಮ್ಮಿಯನ್ನೂ ನೋಡಿದಂತಾಗುತ್ತದೆ.

ನಿನ್ನ
ವನಜಾ


(ಕಾರ್ಡು)
ಚಳ್ಳಕೆರೆ
5 ಆಗಸ್ಟ್ 1999

ವನಜಾ, ಸದ್ಯಕ್ಕೆ ಬರಬೇಡ. ಮನೆ ತುಂಬ ನೆಂಟರು. ಅಮ್ಮಿ ಪರವಾಗಿಲ್ಲ. ಮಿಣುಕಿಯ ವಿಷಯ ಪತ್ರದಲ್ಲಿ ಬರೆಯುವಂಥದ್ದಲ್ಲ, ನಿಧಾನವಾಗಿ ಹೇಳುತ್ತೇನೆ. — ಸಾ.


ಮೊಳಕಾಲ್ಮೂರು
11 ಅಕ್ಟೋಬರ್ 1999

ಸಾನಿಯಾ,

ನಿನ್ನೆ ನಾನು ಚಳ್ಳಕೆರೆಗೆ ಬಂದಿದ್ದೆ. ಅಮ್ಮಿ ಹೇಳಿರುತ್ತಾರೆ. ಹೇಳದಿದ್ದರೆ ನಾನೇ ಹೇಳುತ್ತೇನೆ, ಒಂದನ್ನೂ ಬಿಡದೆ.

ದಸರಾ ರಜೆಗೆ ಮುಂಚೆ ಪಾತಮ್ಮ ಒಂದು ಮಾಸಪತ್ರಿಕೆ ಹಿಡಿದುಕೊಂಡು ಓಡಿ ಬಂದಳು. ಬೆಂಗಳೂರಿನ ಮಕ್ಕಳ ಪತ್ರಿಕೆ, ಅವಳ ಮಾವ ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಕೊಟ್ಟಿದ್ದು. “ಟೀಚರ್, ಮಿಣುಕಿ ಎದ್ದವ್ಳೆ! ಇದ್ರಾಗೆ ಕುದ್ರೆ ಮ್ಯಾಲೆ ಹೋಗ್ತಾ ಅವ್ಳೆ!” ಎಂದಳು. ಆ ಮಗುವಿಗೆ ಎಂಥ ಸಂತೋಷ! ಕ್ಲಾಸಿಗೆಲ್ಲ ಕೇಳುವಂತೆ ಕೂಗಿದಳು. ಸುಳ್ಳು ಅನ್ನೋಣ ಎಂದು ಪತ್ರಿಕೆ ತೆಗೆದುಕೊಂಡೆ. ‘ಒಂಟಿ ಗೆಜ್ಜೆಯ ಹುಡುಗಿ, ಧಾರಾವಾಹಿ, ಲೇಖಕಿ: ಸಾನಿಯಾ, ಚಳ್ಳಕೆರೆ.’

ಹೆಸರು ಝಳಕಿ ಎಂದು ಬದಲಾಯಿಸಿದ್ದೀಯ. ಎಡಹುಬ್ಬಿನ ಗಾಯ ಅದೇ. ಸುಳ್ಳು ಹೇಳುವ ಮುಂಚೆ ನಾಲಿಗೆ ಲೊಚಗುಟ್ಟುವುದು ಅದೇ. ಒಂದೇ ಕಾಲಿನ ಗೆಜ್ಜೆ! ಇನ್ನೊಂದು ಎಲ್ಲಿ ಹೋಯಿತೆಂದು ನೀನು ಒಂದು ಸಾಲಿನಲ್ಲೂ ಬರೆದಿಲ್ಲ. ನನ್ನ ಹೊನ್ನೆಯ ಸೊಂಟದಲ್ಲಿದೆ ಸಾನಿಯಾ. ಅದನ್ನು ಕೊಟ್ಟವಳ ಹೆಸರನ್ನು ನೀನು ಬದಲಿಸಿದೆ, ಇಸಿದುಕೊಂಡವಳನ್ನು ಅಳಿಸಿಯೇ ಹಾಕಿದೆ.

ಆದರೂ ಏನೋ ಕಾರಣ ಇರುತ್ತದೆ ಅಂದುಕೊಂಡೇ ಬಸ್ ಹತ್ತಿದೆ. ತಳಕು ಊರು ದಾಟುವವರೆಗೂ ನಿನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ನೀನು ಮನೆಯಲ್ಲಿರಲಿಲ್ಲ. ಅಮ್ಮಿ ಬಾಗಿಲಲ್ಲೇ ನನ್ನ ಗಲ್ಲ ಹಿಡಿದು, “ಆವೋ ಬೇಟಿ, ಎಷ್ಟು ದಿನ ಆತು! ನಮ್ಮ ಮನೆ ದಾರಿನೇ ಮರ್ತ್ಬಿಟ್ಟೆ ನೀನು,” ಎಂದರು. ಮಾತಾಡುತ್ತಲೇ ಸೂಜಿಗೆ ದಾರ ಪೋಣಿಸಿದರು. ಒಂದೇ ಸಲಕ್ಕೆ, ಕನ್ನಡಕವಿಲ್ಲದೆ. ಪೊರೆ ಯಾವಾಗ ಬಿಟ್ಟಿತು ಎಂದು ಕೇಳಲು ನನಗೇ ನಾಚಿಕೆಯಾಯಿತು.

ಆಮೇಲೆ ಕಪಾಟಿನ ಬೀಗ ತೆಗೆದರು. ನಮ್ಮ ಎರಡು ಪುಸ್ತಕಗಳ ಮುಂದೆ ಆ ಪತ್ರಿಕೆಗಳನ್ನು ಒಪ್ಪವಾಗಿ ಜೋಡಿಸಿದ್ದಾರೆ. “ನೋಡು, ನಿಮ್ದು ಪ್ರತಿ ತಿಂಗ್ಳೂ ಬರ್ತಾ ಐತೆ ಈಗ. ನನಗೆ ಓದೋಕೆ ಬರಲ್ಲ, ಫೋಟೋ ನೋಡ್ತೀನಿ. ನೀವಿಬ್ರೂ ಕೂಡೇ ಬರೆಯೋದು ಅಲ್ವಾ ಬೇಟಿ?” ಎಂದು ಕೇಳಿದರು.

ಹೌದು ಅಮ್ಮಿ, ಕೂಡೇ ಬರೆಯುತ್ತೇವೆ ಎಂದೆ. ನಿನ್ನ ಮಾನ ಕಾಯಲು ಹೇಳಿದ್ದಲ್ಲ, ಆ ಮುಖಕ್ಕೆ ಇಲ್ಲ ಎನ್ನಲು ಆಗಲಿಲ್ಲ. ಅವರು ಕೊಟ್ಟ ಚಹಾ ಕುಡಿದೆ. ಮೊದಲ ಕಂತು ಯಾವ ತಿಂಗಳದ್ದು ಎಂದು ತಿರುಗಿಸಿ ನೋಡಿದೆ. ಏಪ್ರಿಲ್.

ಯುಗಾದಿ ಆದಮೇಲೆ, ಕೈ ಓಡುತ್ತಿಲ್ಲ ಎಂದು ನೀನು ನನಗೆ ಕಾರ್ಡು ಬರೆದಾಗ ನಿನ್ನ ಕೈ ಬೆಂಗಳೂರಿನವರೆಗೆ ಓಡಿತ್ತು. ನಾನಿಲ್ಲಿ ಮಿಣುಕಿಯ ಮೇಲೆ ಬಿಸಿಲು ಬೀಳದಂತೆ, ಮಳೆ ತಾಗದಂತೆ, ಒಂದೊಂದೇ ಅಧ್ಯಾಯ ಹಿಗ್ಗಿಸುತ್ತಾ ಕೂತಿದ್ದೆ. ಊರವರ ನಗು, ಹೆಡ್ ಮಾಸ್ಟರ ಕೊಂಕು, ಮಕ್ಕಳ ಆಕಳಿಕೆ, ಎಲ್ಲ ನುಂಗಿದೆ. ಯಾಕೆ? ಅವಳು ಆ ಕಲ್ಲಿನ ಮೇಲೆ ಇದ್ದಾಳೆ ಎಂದು ನಂಬಿದ್ದೆ. ನಾನು ದಿನಾ ರೊಟ್ಟಿ ಇಟ್ಟು ಬಂದದ್ದು ಬರೀ ಕಲ್ಲಿಗೆ.

ಕಥೆ ನಿಧಾನ ಎಂದು ನೀನು ನನಗೆ ಬೈದೆಯಲ್ಲ, ಅದನ್ನು ಮಾತ್ರ ಎಷ್ಟು ಯೋಚಿಸಿದರೂ ಅರಗಿಸಿಕೊಳ್ಳಲು ಆಗುತ್ತಿಲ್ಲ.

ವನಜಾಕ್ಷಿ


ಚಳ್ಳಕೆರೆ
21 ನವೆಂಬರ್ 1999

ವನಜಾ,

ಈ ಪತ್ರವನ್ನು ಎಷ್ಟೋ ಸಲ ಶುರು ಮಾಡಿ ಹರಿದೆ. ಕ್ಷಮಿಸು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ನಿನಗೆ ಇನ್ನು ಅರ್ಧ ಸುಳ್ಳೂ ಹೇಳುವುದಿಲ್ಲ.

ಫೆಬ್ರವರಿಯಲ್ಲಿ ಆ ಪತ್ರಿಕೆಯ ಸಂಪಾದಕರ ಪತ್ರ ಬಂತು. ಮೊದಲ ಭಾಗ ಓದಿದ್ದರು. ಮಿಣುಕಿಯ ಅಧ್ಯಾಯಗಳನ್ನು ಬರೆದವರು ಯಾರು ಎಂದು ಕೇಳಿದ್ದರು. ವನಜಾ, ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಚಳ್ಳಕೆರೆಯಲ್ಲೂ ಅದು ‘ಮೊಳಕಾಲ್ಮೂರಿನ ಟೀಚರ್ ಪುಸ್ತಕ’ವೇ ಆಗಿತ್ತು. “ನೀನು ಉರ್ದು ಮನೆಯವಳು, ಕನ್ನಡ ತಿದ್ದಿ ಕೊಡೋಳು ವನಜಾಕ್ಷಿ ಅಲ್ವಾ?” ಎಂದು ನಮ್ಮ ಶಾಲೆಯ ಮೇಡಂ ನನ್ನ ಮುಖಕ್ಕೇ ಕೇಳಿದರು. ನೀನು ಪ್ರೆಸ್ಸಿಗೆ ಹೋಗಿ ಅಕ್ಷರದ ಗಾತ್ರ ಸರಿ ಮಾಡಿಸಿದೆ, ಗೊತ್ತು. ಅಷ್ಟರಲ್ಲಿ ನಾನು ಹೋಗಿಯಾಗಿತ್ತು.

ಮೊದಲು ಒಂದು ಕಂತು ಬರೆದು ನೋಡೋಣ ಅಂದುಕೊಂಡೆ. ಒಬ್ಬಳೇ ಬರೆದಾಗ ಎಷ್ಟು ಬೇಗ ಓಡುತ್ತದೆ ಗೊತ್ತಾ? ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಕಾಯಬೇಕಿಲ್ಲ. ನನಗೆ ಬಹಳ ಹಿತವಾಗಿತ್ತು. ಇದನ್ನು ನಿನಗೆ ಹೇಳುವುದೇ ಕಷ್ಟವಾಗಿತ್ತು, ಅದಕ್ಕೇ ಅಮ್ಮಿಯ ಕಣ್ಣನ್ನು ಎಳೆದು ತಂದೆ. ಅದಕ್ಕೆ ಮಾತ್ರ ಪೂರ್ತಿ ಕ್ಷಮೆ ಕೇಳುತ್ತೇನೆ. ಅಮ್ಮಿಗೆ ನೀನು ಹೌದು ಎಂದದ್ದು ಕೇಳಿ ಅತ್ತೆ. ಆಮೇಲೆ ನಿನ್ನ ಮೇಲೇ ಸಿಟ್ಟು ಬಂತು, ಯಾಕೋ ಗೊತ್ತಿಲ್ಲ.

ನೀನು ಕಾಯುತ್ತಿದ್ದೀಯ ಎಂದು ಗೊತ್ತಿತ್ತು. ಆದರೆ ಇಡೀ ಪುಸ್ತಕವನ್ನೇ ಕಾಯಲು ಕೂರಿಸುತ್ತೀಯ ಎಂದು ಅಂದುಕೊಂಡಿರಲಿಲ್ಲ. ಅದನ್ನು ಓದುವಾಗ ನನಗೆ ನಿದ್ದೆ ಬರಲಿಲ್ಲ. ಒಂದೊಂದು ರೊಟ್ಟಿಗೂ ಮೈ ಉರಿಯಿತು. ನಿದ್ದೆ ಹೋದೆ ಎಂದು ಬರೆಯುವುದು ಸುಲಭವಾಗಿತ್ತು.

ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕಣ್ಣು ಮುಚ್ಚಿದಾಗ ಮಿಣುಕಿಗೆ ಏನೂ ಕಂಡಿರಲಿಲ್ಲ. ನನಗೆ ಮುಂದೇನು ಎಂದು ಹೊಳೆದಿರಲಿಲ್ಲ, ಮುರುಗೇಂದ್ರಪ್ಪನವರು ಅವಸರ ಮಾಡುತ್ತಿದ್ದರು, ಅಧ್ಯಾಯ ಮುಗಿಸಬೇಕಿತ್ತು. ಕಣ್ಣು ಮುಚ್ಚಿಸಿದೆ. ಅಷ್ಟೇ ಕಣೇ. ಅದರಲ್ಲಿ ಏನೂ ಇರಲಿಲ್ಲ.

ಮಿಣುಕಿ ಇನ್ನು ನಿನ್ನವಳೇ. ಎಬ್ಬಿಸು, ನಡೆಸು, ಬೇಕಾದರೆ ಸಾಯಿಸು. ನನ್ನ ಒಪ್ಪಿಗೆ ಇದೆ. ನನಗೆ ಝಳಕಿ ಸಾಕು.

ಸಾನಿಯಾ


ಮೊಳಕಾಲ್ಮೂರು
16 ಜನವರಿ 2000

ಸಾನಿಯಾ ಅವರಿಗೆ,

ತಡವಾಯಿತು. ನಾನು ನಿಧಾನ ಎಂದು ನಿಮಗೆ ಗೊತ್ತೇ ಇದೆ.

ಬಹುವಚನ ಬರೆಯಲು ಕೈ ಬರುತ್ತಿಲ್ಲ. ಹೋಗಲಿ, ನೀನು ಎಂದೇ ಬರೆಯುತ್ತೇನೆ.

ನಿಮ್ಮ ಶಾಲೆಯ ಮೇಡಂ ಹೇಳಿದ್ದನ್ನು ನೀನು ಅವತ್ತೇ ನನಗೆ ಹೇಳಿದ್ದರೆ ಬಸ್ ಹತ್ತಿ ಬಂದು ಅವರ ಸ್ಟಾಫ್ ರೂಮಿನಲ್ಲೇ ಜಗಳ ಆಡುತ್ತಿದ್ದೆ. ನಿನ್ನ ಕನ್ನಡದಲ್ಲಿ ನಾನು ಒಂದು ಕೊಂಬೂ ತಿದ್ದಿಲ್ಲ. ನೀನು ಬೆಂಗಳೂರಿಗೆ ಬರೆಯುತ್ತೇನೆ ಎಂದು ಹೇಳಿದ್ದರೆ ಮೊದಲು ಹೊಟ್ಟೆಕಿಚ್ಚು ಪಡುತ್ತಿದ್ದೆ, ಆಮೇಲೆ ಪ್ರತಿ ತಿಂಗಳೂ ಪತ್ರಿಕೆ ಕೊಂಡು ಪಾತಮ್ಮನಿಗೆ ಓದಿ ಹೇಳುತ್ತಿದ್ದೆ. ನಿನಗೆ ನನ್ನ ಮೇಲೆ ಅಷ್ಟು ನಂಬಿಕೆಯೂ ಇರಲಿಲ್ಲ. ನಾನು ಇಡೀ ನಾಡನ್ನೇ ನಿನ್ನ ಮೇಲಿನ ನಂಬಿಕೆಯಲ್ಲಿ ನಿಲ್ಲಿಸಿದ್ದೆ. ತಪ್ಪು ಲೆಕ್ಕ.

ನಿನ್ನ ಕೊನೆಯ ಮಾತುಗಳೇ ತಲೆಯಲ್ಲಿ ಸುತ್ತುತ್ತಿವೆ. ಕಣ್ಣು ಮುಚ್ಚಿದಾಗ ಏನೂ ಕಂಡಿರಲಿಲ್ಲ ಎಂದದ್ದು. ಒಂದು ವರ್ಷ ನಾನು ಅದನ್ನೇ ಊಹಿಸಿದೆ. ಸಮುದ್ರ ಕಂಡಿರಬೇಕು, ಸತ್ತ ಅವ್ವ ಕಂಡಿರಬೇಕು, ಯುದ್ಧ ನಿಲ್ಲಿಸುವ ದಾರಿ ಕಂಡಿರಬೇಕು. ನುಂಕೆಮಲೆ ಬೆಟ್ಟ ಹತ್ತಿ ನಾನೂ ಒಂದು ಬಂಡೆ ಮೇಲೆ ಕೂತು ಕಣ್ಣು ಮುಚ್ಚಿ ನೋಡಿದ್ದೆ, ಅಷ್ಟು ಹುಚ್ಚಿ ನಾನು. ದನ ಮೇಯಿಸುವ ಜುಂಜಣ್ಣ ಕಂಡು, “ಏನಮ್ಮಾ ಟೀಚರಮ್ಮಾ, ತಲೆ ಸುತ್ತು ಬಂತೇನು? ನೀರು ಕೊಡ್ಲಾ?” ಎಂದಿದ್ದ.

ಇನ್ನು ಒಪ್ಪಿಗೆಯ ವಿಷಯ. ನೀನು ಕೊಟ್ಟದ್ದನ್ನು ನಾನು ತೆಗೆದುಕೊಳ್ಳುವುದಿಲ್ಲ. ಬೇಡವಾದ ಮೇಲೆ ಕೊಡುವುದು ಕೊಟ್ಟ ಹಾಗಲ್ಲ. ಮಿಣುಕಿಯನ್ನು ನಾನು ಎಬ್ಬಿಸಿಲ್ಲ, ಎಬ್ಬಿಸುವುದೂ ಇಲ್ಲ. ಬ್ರಹ್ಮಗಿರಿಯ ಮಾತು ನನ್ನ ಕಡೆಯಿಂದ ಮುರಿಯಲಿಲ್ಲ ಎನ್ನುವುದು ನಿನಗೆ ಗೊತ್ತಿರಲಿ. ಅವಳು ಅಲ್ಲೇ ಇದ್ದಾಳೆ. ನಿನಗೆ ಎಂದಾದರೂ ಬೇಕಾದರೆ ನೀನೇ ಬಂದು ಕರೆದುಕೊಂಡು ಹೋಗಬೇಕು.

ಆದರೆ ಹೊನ್ನೆ ನನ್ನವಳು.

ಮೂರನೇ ಭಾಗ ಶುರು ಮಾಡಿದ್ದೇನೆ. ಅಚ್ಚು ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ಮುರುಗೇಂದ್ರಪ್ಪನವರು ಮೊದಲು ಓದುತ್ತೇನೆ ಎಂದಿದ್ದಾರೆ. ಮುಖಪುಟದಲ್ಲಿ ಒಂದೇ ಹೆಸರು ಇರುತ್ತದೆ. ಮೊದಲ ಪುಟವನ್ನು ಪಾತಮ್ಮನಿಗೆ ಓದಿ ಹೇಳಿದೆ. ಅವಳು ಆಕಳಿಸಲಿಲ್ಲ. “ಪಾಪ ರೀ ಟೀಚರ್,” ಎಂದಳು. ಯಾರು ಪಾಪ ಎಂದು ನಾನು ಕೇಳಲಿಲ್ಲ. ನಿನಗೂ ಒಂದು ಸಲ ಓದುವ ಹಕ್ಕಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

‘ಅಂದು ಬೆಳಿಗ್ಗೆಯೂ ಹೊನ್ನೆ ಎರಡು ರೊಟ್ಟಿ ತಟ್ಟಿದಳು. ಬಟ್ಟೆಯಲ್ಲಿ ಕಟ್ಟಿಕೊಂಡು ಕಾವಲುಗಲ್ಲು ಹತ್ತಿದಳು. ಮಿಣುಕಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಕೆಳಗೆ ಕಣಿವೆಯಲ್ಲಿ ಸೈನ್ಯದ ಹೊಗೆ ಏಳುತ್ತಿತ್ತು. ಹೊನ್ನೆ ಅವಳ ಪಕ್ಕ ಕೂತು ಒಂದು ರೊಟ್ಟಿ ತಿಂದಳು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಗೆಳತಿಯ ಮುಖವನ್ನೇ ನೋಡಿದಳು. ಕಣಿವೆಯವರೆಗೆ ದೂರ ನಡೆಯಬೇಕಿತ್ತು, ಅವಳಿಗೆ ಹಸಿವಾಗಿತ್ತು. ಸೊಂಟದ ಗೆಜ್ಜೆ ಬಿಚ್ಚಿ, ದಿನಾ ರೊಟ್ಟಿ ಇಡುತ್ತಿದ್ದ ಮಡಿಲಲ್ಲಿ ಇಟ್ಟಳು. ಎರಡನೆಯ ರೊಟ್ಟಿಯನ್ನೂ ತಾನೇ ತಿಂದಳು.’

ಕೆ. ವನಜಾಕ್ಷಿ